ಅಜ್ಜಿಯ ಮಂಡಿನೋವು, ಮಲೇಷ್ಯಾದ ಹುಡುಗಿ, ಮಣಿಪಾಲದ ಗುಡ್ಡ

ಬೆಳಗ್ಗೆ ಏಳೂವರೆ. ಇದು ಕೊಡಗಿನ ನಮ್ಮ ಮನೆ ಕಣ. ಹರಡಿರೋದು ನಿನ್ನೆ ಕೊಯ್ದ ಅರೇಬಿಕಾ ಕಾಫಿ. ಮನೆಯ ಎರಡು ರೂಮನ್ನು ಹೋಂಸ್ಟೇ ಮಾಡಿದ್ದೀವಿ. ಈ ವಾರ ಬಂದಿರೋದು ಮಣಿಪಾಲದಲ್ಲಿ ಎಂಬಿಬಿಎಸ್ ಓದ್ತಿರೋ ನಾಲ್ಕು ಹುಡುಗಿಯರು. ಅವರಲ್ಲಿ ಒಬ್ಬಳು ಮಲೇಷ್ಯಾದವಳು. ಕ್ಯಾಮೆರಾ ಬೇಡ ಅಂದಿದ್ದಾಳೆ, ಅದಕ್ಕೆ ಮುಖ ತೋರಿಸಲ್ಲ.

ಅಮ್ಮ ನೂಲ್‌ಪುಟ್ಟು (ಒತ್ತು ಶಾವಿಗೆ), ಕೋಳಿ ಸಾರು ಬಡಿಸಿದ ತಕ್ಷಣ ಅವಳು 'ಪುಟು ಮಾಯಂ' ಅಂತ ಕೂಗೇಬಿಟ್ಳು. ಅವಳ ಊರಲ್ಲಿ ಇದಕ್ಕೆ ಅದೇ ಹೆಸರಂತೆ, ಬೆಲ್ಲ, ಕಾಯಿತುರಿ ಹಾಕ್ಕೊಂಡು ತಿಂತಾರಂತೆ. ಅಮ್ಮ ಒಳಗೆ ಹೋಗಿ ಬೆಲ್ಲದ ಡಬ್ಬಿನೇ ತಂದಿಟ್ರು.

ಆದ್ರೆ ನಾನು ಹೇಳ್ಬೇಕು ಅಂತಿರೋದು ಅದಾದ ಮೇಲಿನ ವಿಷಯ. ಅಜ್ಜಿ ಗೋಡೆ ಹಿಡ್ಕೊಂಡು ನಿಧಾನಕ್ಕೆ ಬರ್ತಿದ್ರು. ಈ ಹುಡುಗಿ ಎದ್ದು ಹೋಗಿ, ಪಕ್ಕದಲ್ಲಿ ಕೂರಿಸಿ, 'ಅಜ್ಜಿ, ಎಲ್ಲಿ ನೋವು? ಯಾವಾಗಿಂದ?' ಅಂದ್ಳು. ಕನ್ನಡದಲ್ಲಿ! ಅಜ್ಜಿ ಖುಷಿಯಲ್ಲಿ ನಮ್ಮ ಮನೆಮಾತು ಅರೆಭಾಷೆಯಲ್ಲಿ ಶುರು ಮಾಡಿದ್ರು, ಅದು ಅವಳಿಗೆ ಅರ್ಥ ಆಗ್ಲಿಲ್ಲ. ನಾನು ಮಧ್ಯೆ ಕೂತು ಹೇಳ್ಕೊಟ್ಟೆ.

ನಮ್ಮ ದೇಶದಲ್ಲಿ ಎಂಬಿಬಿಎಸ್ ಶುರು ಆಗೋದೇ ಫೌಂಡೇಶನ್ ಕೋರ್ಸ್‌ನಿಂದ, ಅದರಲ್ಲಿ ಸ್ಥಳೀಯ ಭಾಷೆಯ ಪಾಠನೂ ಇರುತ್ತೆ. ಹೊರದೇಶದವರಿಗೆ ಒಂದು ಯೂನಿವರ್ಸಿಟಿ ಏನು ಕೊಡುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು ಇದನ್ನೇ. ಹಾಸ್ಟೆಲ್, ಲೈಬ್ರರಿ ಎಲ್ಲ ಆಮೇಲೆ.

ರಾತ್ರಿ ಬೆಂಕಿ ಹಾಕಿ ಕೂತಾಗ ಅವಳು ಕೇಳಿದ್ಳು, 'ಅಣ್ಣಾ, ಅಷ್ಟು ದೊಡ್ಡ ಕಾಲೇಜನ್ನ ಆ ಗುಡ್ಡದ ಮೇಲೆ ಯಾಕೆ ಕಟ್ಟಿದ್ರು?' ಅಲ್ಲೇ ಓದೋಳಿಗೆ ಗೊತ್ತಿಲ್ಲವಲ್ಲ ಅನ್ನಿಸ್ತು. ಆದ್ರೆ ಮಡಿಕೇರಿಯಲ್ಲಿ ಹುಟ್ಟಿದ ಎಷ್ಟು ಜನಕ್ಕೆ ಗೊತ್ತು?

ಮಣ್ಣಪಳ್ಳ ಅಂತ ಅಲ್ಲೊಂದು ಕೆರೆ ಇದೆ. ಮಣಿಪಾಲ ಅನ್ನೋ ಹೆಸರು ಬಂದದ್ದು ಅದರಿಂದ. ಮುರಕಲ್ಲಿನ ಬೋಳುಗುಡ್ಡ ಅದು. ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ಡಾಕ್ಟರ್ ಟಿ.ಎಂ.ಎ. ಪೈ ಅವರ ಕಣ್ಣು ಆ ಗುಡ್ಡದ ಮೇಲೆ ಬಿತ್ತು. 1925ರಲ್ಲಿ ಉಡುಪಿಯಲ್ಲಿ ಜೊತೆಯವರನ್ನ ಸೇರಿಸ್ಕೊಂಡು ಬ್ಯಾಂಕ್ ಶುರು ಮಾಡಿದ್ದವರು ಅವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಅದೇ. ಸಂತೆಯಲ್ಲಿ ಪಿಗ್ಮಿ ಕಲೆಕ್ಷನ್‌ಗೆ ಬರೋರನ್ನ ನೋಡಿದ್ದೀರಲ್ಲ? ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸೋ ಆ ಯೋಜನೆ 1928ರಲ್ಲಿ ಆ ಬ್ಯಾಂಕಿನಿಂದಲೇ ಬಂದಿದ್ದು. ಆ ದುಡ್ಡಲ್ಲೇ ಕಾಲೇಜು ಕಟ್ಟಿದ್ರು ಅಂತ ಹೇಳ್ತಿಲ್ಲ. ಸರ್ಕಾರ ಮಾಡ್ಲಿ ಅಂತ ಕಾಯದೆ, ಜನರೇ ಸೇರಿ ಮಾಡ್ಬಹುದು ಅನ್ನೋ ಧೈರ್ಯ ಎರಡರಲ್ಲೂ ಒಂದೇ.

1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಖಾಸಗಿಯವರು ಸ್ವಂತ ಹಣದಲ್ಲಿ ನಡೆಸೋ ಮೆಡಿಕಲ್ ಕಾಲೇಜು ದೇಶದಲ್ಲಿ ಅದೇ ಮೊದಲು. ರೋಗಿಗಳ ಹತ್ರ ಕಲಿಯೋಕೆ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ ಇತ್ತು. 1957ರಲ್ಲಿ ಎಂಜಿನಿಯರಿಂಗ್ ಬಂತು. 1993ರಲ್ಲಿ ಡೀಮ್ಡ್ ಯೂನಿವರ್ಸಿಟಿ ಆದಾಗ ಪೈಯವರು ಇರ್ಲಿಲ್ಲ, 1979ರಲ್ಲೇ ತೀರಿಕೊಂಡಿದ್ರು. ಮಲೇಷ್ಯಾದ ಮೆಲಾಕಾದಲ್ಲಿ ಅಲ್ಲಿನವರ ಜೊತೆ ಸೇರಿ 1997ರಲ್ಲಿ ಇನ್ನೊಂದು ಮೆಡಿಕಲ್ ಕಾಲೇಜು ಮಾಡಿದ್ರು. ಆಗ ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ, ಉಳಿದದ್ದು ಮಲೇಷ್ಯಾದಲ್ಲಿ ಓದ್ಬೇಕಿತ್ತು. ಈ ಹುಡುಗಿಯ ಸೋದರಮಾವ ಹಾಗೆ ಓದಿದವರಂತೆ. 'ಮಣಿಪಾಲ ಅಂದ್ರೆ ನಮ್ಮನೇಲಿ ಹೊರದೇಶ ಅನ್ನಿಸೋದೇ ಇಲ್ಲ' ಅಂದ್ಳು.

ಹೊರದೇಶದ ಮಕ್ಕಳಿಗೆ ಕಷ್ಟಾನೂ ಇದೆ. ಎಂಬಿಬಿಎಸ್‌ಗೆ ಅವರೂ ನೀಟ್ ಬರೀಬೇಕು. ಫೀಸು ನಮ್ಮ ಮಕ್ಕಳಿಗಿಂತ ಜಾಸ್ತಿ, ಅದೂ ಡಾಲರ್ ಲೆಕ್ಕ. 180 ದಿನಕ್ಕಿಂತ ಉದ್ದದ ಸ್ಟೂಡೆಂಟ್ ವೀಸಾ ಇದ್ರೆ ಬಂದು 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ನೋಂದಣಿ. ಈಗ ಆನ್‌ಲೈನ್ ಆಗಿದೆ, ಆದ್ರೂ ಹೊಸ ಊರಲ್ಲಿ ಹದಿನೆಂಟು ವರ್ಷದ ಹುಡುಗಿಗೆ ಅದು ಭಯಾನೇ. ಅವಳು ಇಲ್ಲಿಗೆ ಬಂದ ದಿನ ನಾನೂ 24 ಗಂಟೆಯೊಳಗೆ ಅವಳ ವಿವರದ ಫಾರ್ಮ್ ತುಂಬಿ ಆ ಕಚೇರಿಗೆ ಕಳಿಸಬೇಕಿತ್ತು. ಅವಳು ಪಾಸ್‌ಪೋರ್ಟ್, ವೀಸಾ ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಜೋಡಿಸಿ ಇಟ್ಕೊಂಡಿದ್ದನ್ನ ನೋಡಿ ಹೊಟ್ಟೆ ಚುರುಕ್ ಅಂತು. ಎಷ್ಟು ಸಲ ಎಷ್ಟು ಕಡೆ ತೋರಿಸಿರ್ಬೇಕು.

ನಮ್ಮ ಕೊಡಗಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದು 2016ರಲ್ಲಿ. ಅದಕ್ಕೂ ಮೊದಲು ನಮ್ಮಜ್ಜನಿಗೆ ಎದೆನೋವು ಬಂದಾಗ ಸಂಪಾಜೆ ಘಾಟಿ ಇಳಿದು ಮಂಗಳೂರಿಗೇ ಓಡಿದ್ವಿ. ಅಲ್ಲಿ ಅಜ್ಜನ್ನ ನೋಡಿಕೊಂಡ ಕಿರಿಯ ಡಾಕ್ಟರೂ ಹೊರದೇಶದವರೇ, ಹೆಸರು ಕೇಳೋಕೂ ಆಗ್ಲಿಲ್ಲ. ಅವರು ಅಜ್ಜನ ಕೈ ಹಿಡಿದು 'ಹೆದರಬೇಡಿ' ಅಂದಿದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ನೋಡಿ, ಅವರು ಹೊರಟ್ರು. ಅಜ್ಜಿ ಕಾಫಿಪುಡಿ ಕಟ್ಟಿಕೊಟ್ಟಿದ್ದಾರೆ. ಕಾರಿನ ಕಿಟಕಿ ಹತ್ರ ಬಗ್ಗಿ ಅವಳಿಗೆ ಅರೆಭಾಷೆಯಲ್ಲಿ ಏನೋ ಹೇಳ್ತಿದ್ದಾರೆ, ಅವಳು ತಲೆ ಆಡಿಸ್ತಿದ್ದಾಳೆ.