ಅಪ್ಪನ ಫೋನು, ಮಕ್ಕಳ ಕೈ

ಕೇಳುಗರೇ, ನಮಸ್ಕಾರ.

ಶಿರಸಿ ಕಡೆಯ ಶಾಲೆಗಳಲ್ಲಿ ಪಾಲಕರ ಸಭೆ ಸೇರಿದರೆ ಒಂದು ದೂರು ಬಂದೇ ಬರುತ್ತದೆ. 'ಮಾಸ್ತರ್ರೇ, ಮಾಣಿ ಮೊಬೈಲ್ ಬಿಡೋದೇ ಇಲ್ಲ. ನೀವಾದ್ರೂ ಹೇಳಿ.'

ಬೇರೆ ದೇಶಗಳಲ್ಲಿ ಇದೇ ದೂರು ಸಂಸತ್ತಿನ ತನಕ ಹೋಗಿದೆ. ಫ್ರಾನ್ಸ್ 2018ರಲ್ಲಿ, ಸುಮಾರು 15 ವರ್ಷದವರೆಗಿನ ಮಕ್ಕಳು ಶಾಲೆಯಲ್ಲಿ ಮೊಬೈಲ್ ಬಳಸಬಾರದೆಂದು ಕಾನೂನು ಮಾಡಿತು. ದಕ್ಷಿಣ ಕೊರಿಯಾ 2011ರಲ್ಲೇ, 16ರ ಒಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡಬಾರದು ಎಂದಿತ್ತು. ಆ ನಿಯಮ ಮೊಬೈಲ್ ಗೇಮ್‌ಗೆ ಇರಲಿಲ್ಲ. ಮಕ್ಕಳು ಕಂಪ್ಯೂಟರ್ ಬಿಟ್ಟು ಮೊಬೈಲ್ ಹಿಡಿದರು. 2021ರಲ್ಲಿ ಸರ್ಕಾರ ಅದನ್ನು ಕೈಬಿಡಲು ತೀರ್ಮಾನಿಸಿತು.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ಕಾನೂನು. 2025ರ ಡಿಸೆಂಬರ್ 10ರಿಂದ ಅಲ್ಲಿ 16 ತುಂಬದವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ದಂಡ ಮಕ್ಕಳಿಗಲ್ಲ, ಪಾಲಕರಿಗೂ ಅಲ್ಲ. ಕಂಪನಿಗೆ. ಅದೂ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಗು ಎದ್ದು ಹೋಗದ ಹಾಗೆ ಒಂದರ ಹಿಂದೊಂದು ವಿಡಿಯೊ ತೋರಿಸುತ್ತಾ ಹೋಗುವವರು ಅವರೇ ಅಲ್ವಾ?

ಆದರೆ ಇಂಥ ಕಾನೂನು ನಾಳೆ ನಮ್ಮಲ್ಲಿ ಬಂದರೂ ಎಷ್ಟೋ ಮನೆಗಳನ್ನು ಮುಟ್ಟುವುದಿಲ್ಲ. ಇಲ್ಲಿ ಫೋನು ಅಪ್ಪನದ್ದು, ಇಲ್ಲವೇ ಆಯಿಯದ್ದು. ಖಾತೆಯೂ ಅವರದ್ದೇ. ಕೊರೋನಾ ಕಾಲದಲ್ಲಿ ಅದನ್ನು ಮಕ್ಕಳ ಕೈಗೆ ಕೊಟ್ಟವರು ದೊಡ್ಡವರೇ. ಜೋಯಿಡಾ, ಯಲ್ಲಾಪುರದ ಕಾಡಿನ ಊರುಗಳಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳಿಗೆ ಈಗ 'ಮುಟ್ಟಬೇಡ' ಅಂದರೆ ಹೇಗೆ ಒಪ್ಪುತ್ತಾರೆ? ಹಳ್ಳಿ ಮಕ್ಕಳ ಓದಿನ ಮಟ್ಟ ಅಳೆಯುವ ಅಸರ್ ಸಮೀಕ್ಷೆಯಲ್ಲಿ 2024ರಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವರ್ಷದವರಲ್ಲಿ 76 ಶೇಕಡಾ ಮಕ್ಕಳು ಹಿಂದಿನ ವಾರ ಸಾಮಾಜಿಕ ಜಾಲತಾಣಕ್ಕೆ ಫೋನ್ ಬಳಸಿದ್ದರು. ಓದಿಗೆ ಬಳಸಿದವರೂ 57 ಶೇಕಡಾ ಇದ್ದರು. ಬೈಯುವಾಗ ಈ ಎರಡನೆಯ ಅಂಕಿ ನಮಗೆ ನೆನಪಾಗುವುದಿಲ್ಲ.

ಹಾಗಾಗಿ ದೊಡ್ಡ ಮಕ್ಕಳ ಜೊತೆ ಕೂತು ಹೊತ್ತು ಗೊತ್ತು ಮಾಡಿಕೊಳ್ಳಿ. ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಫೋನೂ ಬದಿಗಿರಲಿ, ಅಪ್ಪನದ್ದೂ.

ಚಿಕ್ಕವರ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕಾರವಾರದಲ್ಲೂ ಶಿರಸಿಯಲ್ಲೂ ವಿಡಿಯೊ ಹಚ್ಚಿಕೊಟ್ಟು ಗಂಜಿ ಉಣ್ಣಿಸುವ ಮನೆಗಳಿವೆ. ಅಂಗಳಕ್ಕೆ ಕರೆದುಕೊಂಡು ಹೋಗಿ ಕಾಗೆ, ಕರು ತೋರಿಸಿ ಉಣ್ಣಿಸಿದರೆ ಹೊತ್ತು ಹಿಡಿಯುತ್ತದೆ, ನಿಜ. ಆಯಿಗೆ ಮನೆಗೆಲಸವೂ ಇರುತ್ತದೆ. ಒಂದು ಹೊತ್ತು ಅಪ್ಪನೇ ಉಣ್ಣಿಸಲಿ.

ನಮಸ್ಕಾರ.