ಕಬ್ಬಿಣದಿಂದ ತೂಕದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕಲಬುರಗಿಯಲ್ಲಿ ಕುಳಿತು ತೂಕದ ಮಾತು ತೆಗೆದರೆ ತೊಗರಿಯಿಂದಲೇ ಆರಂಭಿಸಬೇಕು. ಲಾರಿ ತುಂಬ ತೊಗರಿ ಚೀಲಗಳಿವೆ ಎಂದುಕೊಳ್ಳಿ. ಒಂದೊಂದು ಚೀಲ ಎಷ್ಟು ತೂಗುತ್ತದೋ ತಿಳಿಯದು. ಆದರೆ ಪ್ರತಿ ಚೀಲದ ಬಾಯಿಗೆ 5 ಗ್ರಾಂನ ಒಂದು ತಗಡಿನ ಬಿಲ್ಲೆ ಕಟ್ಟಿದೆ. ಒಟ್ಟು ತೂಕದಲ್ಲಿ ಬಿಲ್ಲೆಗಳ ಪಾಲು ಶೇಕಡಾ 0.01. ಇಷ್ಟು ಸಾಕು, ಚೀಲಕ್ಕೆ 50 ಕಿಲೋ ಎಂದು ಕುಳಿತಲ್ಲೇ ಹೇಳಬಹುದು.

ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಒಂದು ಅಣುವಿನ ತೂಕವನ್ನು 19ನೆಯ ಶತಮಾನದ ರಸಾಯನ ವಿಜ್ಞಾನಿಗಳು ಲೆಕ್ಕ ಹಾಕಿದ್ದು ಹೀಗೆಯೇ. ಬಿಲ್ಲೆಯ ಜಾಗದಲ್ಲಿ ಕಬ್ಬಿಣದ ಪರಮಾಣು. ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಎಂದಿಟ್ಟುಕೊಂಡರೆ ಅದರ ತೂಕ 55.85. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಪಾಲು ಶೇಕಡಾ 0.335ರ ಆಸುಪಾಸು. 55.85ನ್ನು 100ರಿಂದ ಗುಣಿಸಿ 0.335ರಿಂದ ಭಾಗಿಸಿದರೆ ಸುಮಾರು 16,700 ಬರುತ್ತದೆ.

ಭಾಗಿಸುವ ಸಂಖ್ಯೆ ಇಷ್ಟು ಚಿಕ್ಕದಾದಾಗ ಕೈ ಅಲುಗಾಡಬಾರದು. 0.335ರ ಬದಲು 0.340 ಎಂದು ಬರೆದರೆ ಉತ್ತರ 16,400ಕ್ಕೆ ಇಳಿಯುತ್ತದೆ. ಪ್ರೋಟೀನು ಪೂರ್ತಿ ಒಣಗಿರಬೇಕು ಎಂದು ನಾನು ವಿದ್ಯಾರ್ಥಿಗಳನ್ನು ಕಾಡುವುದು ಅದಕ್ಕೇ. ಹಸಿ ತೊಗರಿಯಲ್ಲಿ ನೀರೂ ಕಾಳಿನ ಲೆಕ್ಕಕ್ಕೆ ಸೇರುವ ಸಂಗತಿ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಇಲ್ಲಿಯೂ ಅಷ್ಟೇ: ತೇವ ಉಳಿದರೆ ಕಬ್ಬಿಣದ ಪಾಲು ಕಡಿಮೆ ಕಾಣುತ್ತದೆ, ಅಣು ಇರುವುದಕ್ಕಿಂತ ಭಾರವಾಗಿ ತೋರುತ್ತದೆ.

ಒಮ್ಮೆ ತರಗತಿಯಲ್ಲಿ ಈ ಲೆಕ್ಕ ಮುಗಿಸಿ ಸುಣ್ಣದಕಡ್ಡಿ ಕೆಳಗಿಟ್ಟೆ. ಆಳಂದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಚೀಲಕ್ಕೆ ಎರಡು ಬಿಲ್ಲೆ ಕಟ್ಟಿದ್ದರೆ?" ಆ ಪ್ರಶ್ನೆಗೆ ನನ್ನ ಮನಸ್ಸು ಹಿಗ್ಗಿತು. ಎರಡಿದ್ದರೆ ಚೀಲ 100 ಕಿಲೋ. 16,700 ಎಂಬುದು ಕನಿಷ್ಠ ತೂಕ; ಅಣುವಿನಲ್ಲಿ ಒಂದೇ ಕಬ್ಬಿಣವಿದ್ದರೆ ಮಾತ್ರ ಅದು ನಿಜವಾದ ತೂಕ. ಎಷ್ಟು ಕಬ್ಬಿಣವಿದೆ ಎಂಬುದನ್ನು ಶೇಕಡಾವಾರು ಎಂದಿಗೂ ಹೇಳಲಾರದು.

ಅದಕ್ಕೆ ಬೇರೆಯೇ ದಾರಿ ಬೇಕಾಯಿತು. 1925ರಲ್ಲಿ ಕೇಂಬ್ರಿಜ್‌ನ ಗಿಲ್ಬರ್ಟ್ ಅಡೇರ್ ಹಿಮೋಗ್ಲೋಬಿನ್ ದ್ರಾವಣದ ಪರಾಸರಣ ಒತ್ತಡವನ್ನು, ಅಂದರೆ ತೆಳು ಪೊರೆಯ ಮೂಲಕ ನೀರು ದ್ರಾವಣದೊಳಗೆ ನುಗ್ಗುವುದರಿಂದ ಉಂಟಾಗುವ ಒತ್ತಡವನ್ನು ಅಳೆದರು. ಈ ಒತ್ತಡ ಅಣುಗಳ ಎಣಿಕೆಯನ್ನು ಅವಲಂಬಿಸಿದ್ದು, ಬಿಲ್ಲೆಗಳನ್ನು ಬಿಟ್ಟು ಚೀಲಗಳನ್ನೇ ಎಣಿಸಿದಂತೆ. ತೂಕ ಸುಮಾರು 67,000 ಎಂದು ಬಂತು, ಅಂದರೆ ಹಳೆಯ ಲೆಕ್ಕದ ನಾಲ್ಕು ಪಟ್ಟು. ಒಂದು ಹಿಮೋಗ್ಲೋಬಿನ್ ಅಣುವಿಗೆ ನಾಲ್ಕು ಕಬ್ಬಿಣ! ಮನುಷ್ಯನ ಹಿಮೋಗ್ಲೋಬಿನ್‌ಗೆ ಇಂದು ನಾವು ಬರೆಯುವ ತೂಕ ಸುಮಾರು 64,500.

ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್‌ಗೆ ಮಾತ್ರ ಒಂದೇ ಕಬ್ಬಿಣ, ತೂಕ ಸುಮಾರು 17,000. ಅಲ್ಲಿ ಮೊದಲ ಲೆಕ್ಕವೇ ಕೊನೆಯ ಲೆಕ್ಕ. ನಮಸ್ಕಾರ.