4ಕೆ ಡಿಸ್ಕ್‌ನಲ್ಲಿ ಶಾರ್ಕ್ ಯಾಕೆ ನಕಲಿ ಅನ್ನಿಸುತ್ತದೆ?

ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಇದು. ಚಿತ್ರ ಸ್ಪಷ್ಟವಾದಷ್ಟೂ ಭಯ ಜಾಸ್ತಿ ಆಗಬೇಕು ಅಲ್ವಾ? ಹಾಗಿದ್ದರೆ 'ಡೀಪ್ ಬ್ಲೂ ಸೀ' ಅನ್ನೋ ಶಾರ್ಕ್ ಸಿನಿಮಾ ಹಳೇ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ನಲ್ಲಿ ಹೆದರಿಸಿದಷ್ಟು 4ಕೆಯಲ್ಲಿ, ಅಂದರೆ ಈಗಿನ ತುಂಬಾ ಸ್ಪಷ್ಟವಾದ ಡಿಸ್ಕ್‌ನಲ್ಲಿ, ಯಾಕೆ ಹೆದರಿಸುವುದಿಲ್ಲ?

ಕಥೆ ಬೇಗ ಮುಗಿಸುತ್ತೇನೆ. 1999ರ ಸಿನಿಮಾ, ನಿರ್ದೇಶಕ ರೆನ್ನಿ ಹಾರ್ಲಿನ್. ಮರೆವಿನ ಕಾಯಿಲೆ ಅಲ್ಝೈಮರ್ಸ್‌ಗೆ ಔಷಧಿ ಹುಡುಕಲು ಮಾಕೋ ಶಾರ್ಕ್‌ಗಳ ಮಿದುಳು ದೊಡ್ಡದು ಮಾಡುತ್ತಾರೆ. ಶಾರ್ಕ್‌ಗೆ ಬುದ್ಧಿ ಬರುತ್ತದೆ, ಮನುಷ್ಯರಿಗೆ ಇದ್ದದ್ದೂ ಹೋಗುತ್ತದೆ.

[ಸ್ಕ್ರೀನ್: ಆ ಭಾಷಣದ ದೃಶ್ಯ]

ಈಗ ಇದನ್ನು ನೋಡಿ. ನಟ ಸ್ಯಾಮ್ಯುಯೆಲ್ ಜಾಕ್ಸನ್ ನೀರಿಗೆ ಬೆನ್ನು ಹಾಕಿ ನಿಂತು ಎಲ್ಲರಿಗೂ ಧೈರ್ಯ ತುಂಬುತ್ತಿದ್ದಾರೆ. ಮೊದಲು ಈ ಕೊಳ ಮುಚ್ಚೋಣ ಅಂತ ಹೇಳಲು ಹೊರಟಿರುತ್ತಾರೆ, ಅದೇ ಕೊಳದಿಂದ ಶಾರ್ಕ್ ಹಾರಿ ಎಳೆದುಕೊಂಡು ಹೋಗುತ್ತದೆ. ಮಾತೂ ಅರ್ಧ, ಮನುಷ್ಯನೂ ಅರ್ಧ! ಆ ಶಾರ್ಕ್ ಕಂಪ್ಯೂಟರ್ ಗ್ರಾಫಿಕ್ಸ್‌ನದ್ದು, ಗುಟ್ಟು ಇರುವುದು ಅಲ್ಲೇ.

ಫಿಲ್ಮ್ ಅಂದರೆ ಬಾವಿ ಇದ್ದ ಹಾಗೆ, ಹಗ್ಗ ಉದ್ದ ಬಿಟ್ಟಷ್ಟೂ ನೀರು ಸಿಗುತ್ತದೆ, ಅಂದರೆ ಹಳೇ 35 ಎಂಎಂ ನೆಗೆಟಿವ್ ಅನ್ನು (ಕ್ಯಾಮೆರಾದಲ್ಲಿ ಓಡಿದ ಮೂಲ ರೀಲನ್ನು) ಹೊಸ ಸ್ಕ್ಯಾನರ್‌ಗೆ ಹಾಕಿದರೆ ಅವತ್ತು ಟಿವಿಯಲ್ಲಿ ಕಾಣದ ವಿವರವೂ ಹೊರಗೆ ಬರುತ್ತದೆ. ಗ್ರಾಫಿಕ್ಸ್ ಶಾಟ್ ತುಂಬಿಟ್ಟ ಕೊಡ. ಹಗ್ಗ ಎಷ್ಟೇ ಉದ್ದ ತಂದರೂ ಅಷ್ಟೇ ನೀರು. ಆ ಕಾಲದಲ್ಲಿ ಇಂಥ ಶಾಟ್‌ಗಳನ್ನು ಕಡಿಮೆ ರೆಸಲ್ಯೂಶನ್‌ನಲ್ಲಿ, ಅಂದರೆ ಕಡಿಮೆ ವಿವರದಲ್ಲಿ, ತಯಾರಿಸಿ ಮತ್ತೆ ಫಿಲ್ಮ್‌ಗೆ ಇಳಿಸುತ್ತಿದ್ದರು. ಅದಕ್ಕೇ ಆಗಿನ ಸಿನಿಮಾಗಳ 4ಕೆಯಲ್ಲಿ ಗ್ರಾಫಿಕ್ಸ್ ಶಾಟ್ ಶುರುವಾದ ತಕ್ಷಣ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಗಮನಿಸುವವರಿಗೆ ಶಾರ್ಕ್ ಬರುವ ಮೊದಲೇ ಸುಳಿವು ಸಿಕ್ಕಿಬಿಡುತ್ತದೆ! ವಿಎಚ್‌ಎಸ್‌ನಲ್ಲಿ ಇಡೀ ಸಿನಿಮಾನೇ ಮಸುಕು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತಮಾಷೆ ಏನು ಅಂದರೆ, ಇದೇ ಸಿನಿಮಾದಲ್ಲಿ ಬಳಸಿದ ಯಂತ್ರದ ಶಾರ್ಕ್‌ಗಳಿಗೆ ಇದು ಉಲ್ಟಾ. ಅವು ನಿಜವಾಗಿ ನೀರಿನಲ್ಲೇ ಇದ್ದವು, ಚರ್ಮದ ಮೇಲಿಂದ ನೀರು ಜಾರುವುದು 4ಕೆಯಲ್ಲೇ ಚೆಂದ. ಶೂಟಿಂಗ್ ನಡೆದದ್ದು ಮೆಕ್ಸಿಕೋದ ರೊಸಾರಿಟೋದಲ್ಲಿ, 'ಟೈಟಾನಿಕ್'ಗೆಂದು ಕಟ್ಟಿದ್ದ ತೊಟ್ಟಿಗಳಲ್ಲಿ.

ಹಾಗಾದರೆ ಗ್ರಾಫಿಕ್ಸ್ ಹೊಸದಾಗಿ ಮಾಡಿ ಸರಿಪಡಿಸಬಹುದಲ್ಲ ಅಂತೀರಾ? ದಯವಿಟ್ಟು ಬೇಡ. ಸುಮ್ನೆ ಹಾಗೇ ಇರಲಿ, 1999ರ ಶಾರ್ಕ್ 1999ರ ಥರಾನೇ ಕಾಣಲಿ.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೇ ಹೇಳುತ್ತೇನೆ. ಹಳೇ ಟಿವಿಯ ಚೌಕಕ್ಕೆ ತುಂಬಿಸಲು ಅಗಲದ ಚಿತ್ರವನ್ನು ಕತ್ತರಿಸಿದರೆ ಹೆಚ್ಚುಕಡಿಮೆ 40% ಹೋಗುತ್ತದೆ, ಶಾರ್ಕ್‌ನಂಥ ಉದ್ದದ ಪ್ರಾಣಿಗೆ ಇದಕ್ಕಿಂತ ಅನ್ಯಾಯ ಇಲ್ಲ. ಕ್ಲೈಮ್ಯಾಕ್ಸ್‌ನಲ್ಲಿ ಆ ಮಿದುಳಿನ ಪ್ರಯೋಗ ಮಾಡಿದ ವಿಜ್ಞಾನಿ ಮೊದಲು ಬದುಕಿ ಉಳಿಯುತ್ತಿದ್ದಳು, ಬಿಡುಗಡೆಗೆ ಮುಂಚಿನ ಟೆಸ್ಟ್ ಶೋ ಪ್ರೇಕ್ಷಕರು ಸಿಟ್ಟಾದ ಮೇಲೆ ಅವಳನ್ನೂ ಶಾರ್ಕ್ ಬಾಯಿಗೆ ಹಾಕಿದರು. 2018 ಮತ್ತು 2020ರ ಮುಂದಿನ ಭಾಗಗಳು ಥಿಯೇಟರ್ ಬಿಟ್ಟು ನೇರವಾಗಿ ಮನೆಗೇ ಬಂದವು. ಎರಡನೇ ಭಾಗ, ಅಂದರೆ 2018ರದ್ದು, ನೋಡದಿದ್ದರೆ ಏನೂ ನಷ್ಟ ಇಲ್ಲ.